ರೈಟರ್‌ನಲ್ಲಿ ಒಂದು ಪುಟ ಅಡ್ಡ ಮಾಡಿದರೆ ಇಡೀ ಪುಸ್ತಕವೇ ಅಡ್ಡವಾಗುತ್ತದೆ: ಪೇಜ್ ಸ್ಟೈಲ್ ನಿಜಕ್ಕೂ ಕೂತಿರುವುದೆಲ್ಲಿ?

ಬಿಳಿಹಾಳೆ:

ಲಿಬ್ರೆಆಫೀಸ್ ರೈಟರ್‌ನಲ್ಲಿ (ವರ್ಡ್‌ನಂಥ ಉಚಿತ ತಂತ್ರಾಂಶ) 1/8 ಡೆಮಿ ಅಳತೆಯ, ಅಂದರೆ ಸುಮಾರು 5.5 × 8.5 ಇಂಚಿನ ಪುಸ್ತಕಕ್ಕೆ ಪುಟವಿನ್ಯಾಸ ಮಾಡಬೇಕಿದೆ. 200ರ ಆಸುಪಾಸು ಪುಟ. ಬೇಕಿರುವುದು ಇಷ್ಟು. ಶೀರ್ಷಿಕೆ ಪುಟ, ಹಕ್ಕಿನ ಪುಟ, ಅರ್ಪಣೆ ಇವುಗಳ ಮೇಲೆ ಸಂಖ್ಯೆ ಕಾಣಬಾರದು. ಮುನ್ನುಡಿ, ಅರಿಕೆ, ಪರಿವಿಡಿಗೆ ರೋಮನ್ ಸಂಖ್ಯೆ. ಮೊದಲ ಅಧ್ಯಾಯದಿಂದ 1, 2, 3. ಪ್ರತಿ ಅಧ್ಯಾಯವೂ ಬಲಪುಟದಲ್ಲೇ ಶುರುವಾಗಬೇಕು. 84ನೇ ಪುಟದಲ್ಲಿ ಎಂಟು ಕಂಬಸಾಲುಗಳ ಕೋಷ್ಟಕವಿದೆ, ಅದಕ್ಕೆ ಮಾತ್ರ ಅಡ್ಡಪುಟ.

ಆಗುತ್ತಿರುವುದು ಹೀಗೆ:

84ನೇ ಪುಟದಲ್ಲಿ ಕರ್ಸರ್ ಇಟ್ಟು ಫಾರ್ಮ್ಯಾಟ್ > ಪೇಜ್ ಸ್ಟೈಲ್‌ನಲ್ಲಿ (ಪುಟದ ಅಳತೆ, ಅಂಚು, ದಿಕ್ಕು ಹೇಳುವ ಶೈಲಿ) ಲ್ಯಾಂಡ್‌ಸ್ಕೇಪ್, ಅಂದರೆ ಅಡ್ಡ, ಕೊಟ್ಟರೆ 200 ಪುಟವೂ ಅಡ್ಡ. ಅದನ್ನು ಅನ್‌ಡೂ ಮಾಡಿ, ಒಂದು ಅಧ್ಯಾಯದ ಮೊದಲ ಪುಟದಲ್ಲಿ ನಿಂತು ಸ್ಟೈಲ್ ಪಟ್ಟಿಯಿಂದ ‘ಫಸ್ಟ್ ಪೇಜ್’ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಆ ಪುಟ ಬದಲಾಗುವುದಿಲ್ಲ, ಪುಸ್ತಕದ ಮೊಟ್ಟಮೊದಲ ಪುಟ ಬದಲಾಗುತ್ತದೆ. ಪುಟಸಂಖ್ಯೆ ಸರಿಹೊಂದಿಸಲು, ಅದನ್ನು ತಾನಾಗಿ ತೋರಿಸುವ ಫೀಲ್ಡ್‌ನ ಆಫ್‌ಸೆಟ್‌ನಲ್ಲಿ ಒಂದು ಅಂಕಿ ಕೊಟ್ಟರೆ ಕೊನೆಯ ಕೆಲವು ಪುಟಗಳಲ್ಲಿ ಸಂಖ್ಯೆಯೇ ಮಾಯ.

ಎಲ್ಲಿ ತಪ್ಪುತ್ತಿದೆ?

ಅಚ್ಚುಮೊಳೆ:

ಮೂರೂ ತೊಂದರೆಗಳ ಬೇರು ಒಂದೇ. ‘ಪುಟ’ ಅನ್ನುವುದು ರೈಟರ್‌ನ ಕಡತದಲ್ಲಿ ಒಂದು ವಸ್ತುವಾಗಿ ಇರುವುದೇ ಇಲ್ಲ. ಇರುವುದು ಪ್ಯಾರಾಗಳ ಸಾಲು ಮಾತ್ರ. ಆ ಸಾಲನ್ನು ಹರಿಯಬಿಟ್ಟು, ಜಾಗ ತುಂಬಿದ ಕಡೆ ರೈಟರ್ ಹೊಸ ಪುಟ ಮಾಡುತ್ತದೆ. ಹಾಗಾಗಿ ‘ಈ ಪುಟಕ್ಕೆ ಈ ಶೈಲಿ’ ಎಂದು ಹೇಳಲು ಸಾಧ್ಯವಿಲ್ಲ. ಹೇಳಲು ಸಾಧ್ಯವಿರುವುದು ‘ಈ ಪ್ಯಾರಾ ಹೊಸ ಪುಟದಲ್ಲಿ ಶುರುವಾಗಲಿ, ಅಲ್ಲಿಂದ ಮುಂದೆ ಈ ಪೇಜ್ ಸ್ಟೈಲ್ ನಡೆಯಲಿ’ ಎಂದಷ್ಟೇ.

ಕಣ್ಣಾರೆ ನೋಡಬೇಕೆಂದರೆ ಓಡಿಟಿ ಕಡತದ (ರೈಟರ್ ಉಳಿಸುವ ಮೂಲ ಕಡತ) ಒಂದು ಪ್ರತಿ ಮಾಡಿ, ಹೆಸರಿನ ಕೊನೆಗೆ ಜಿಪ್ ಎಂದು ಬದಲಿಸಿ ಬಿಚ್ಚಿ. ಒಳಗೆ ಸ್ಟೈಲ್ಸ್ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ‘ಮಾಸ್ಟರ್-ಪೇಜ್’ ಎಂಬ ಸಾಲುಗಳು ಸಿಗುತ್ತವೆ, ಒಂದೊಂದು ಪೇಜ್ ಸ್ಟೈಲಿಗೆ ಒಂದೊಂದು. ಕಂಟೆಂಟ್ ಎಂಬ ಕಡತದಲ್ಲಿ ನಿಮ್ಮ ಪಠ್ಯ ಇರುತ್ತದೆ. ಅಲ್ಲಿ ಪ್ಯಾರಾಗಳ ಶೈಲಿಯಲ್ಲಿ ‘ಮಾಸ್ಟರ್-ಪೇಜ್-ನೇಮ್’ ಎಂಬ ಗುಣ ಕಾಣುತ್ತದೆ. ಪೇಜ್ ಸ್ಟೈಲ್ ಕೂತಿರುವುದು ಅಲ್ಲೇ, ಪ್ಯಾರಾದ ಹೆಗಲ ಮೇಲೆ. 84ನೇ ಪುಟ ಅಡ್ಡ ಎಂಬ ಸಾಲು ಎಲ್ಲೂ ಸಿಗುವುದಿಲ್ಲ.

ಈಗ ನಿಮ್ಮ ತೊಂದರೆಗಳಿಗೆ ಬನ್ನಿ.

ಫಾರ್ಮ್ಯಾಟ್ > ಪೇಜ್ ಸ್ಟೈಲ್ ತೆರೆದಾಗ ನೀವು ತಿದ್ದುತ್ತಿರುವುದು ಪುಟವನ್ನಲ್ಲ, ಆ ಶೈಲಿಯ ವಿವರಣೆಯನ್ನು. ಪ್ಯಾರಾಗೆ ಇರುವಂತೆ ನೇರ ಫಾರ್ಮ್ಯಾಟಿಂಗ್ ಪುಟಕ್ಕಿಲ್ಲ. 200 ಪುಟವೂ ‘ಡಿಫಾಲ್ಟ್ ಪೇಜ್ ಸ್ಟೈಲ್’ ಹೊದ್ದಿದ್ದರಿಂದ 200ಕ್ಕೂ ಬದಲಾವಣೆ ತಟ್ಟಿತು.

ಡಬಲ್ ಕ್ಲಿಕ್ ಮಾಡಿದಾಗ ರೈಟರ್ ನೀವಿರುವ ಪುಟದಿಂದ ಹಿಂದಕ್ಕೆ ಹೋಗುತ್ತ, ಪೇಜ್ ಸ್ಟೈಲ್ ಹೊತ್ತ ಪ್ಯಾರಾ ಯಾವುದೆಂದು ಹುಡುಕುತ್ತದೆ. ಸಿಕ್ಕರೆ ಅಲ್ಲಿ ಬದಲಿಸುತ್ತದೆ. ಸಿಗದಿದ್ದರೆ ಕಡತದ ಮೊದಲ ಪ್ಯಾರಾಗೆ ಅಂಟಿಸುತ್ತದೆ. ನಿಮ್ಮಲ್ಲಿ ಅಂಥ ಪ್ಯಾರಾ ಒಂದೂ ಇರಲಿಲ್ಲ, ಹಾಗಾಗಿ ಹುಡುಕಾಟ ಮೊದಲ ಪುಟಕ್ಕೆ ಹೋಗಿ ನಿಂತಿತು. ‘ಫಸ್ಟ್ ಪೇಜ್’ ಶೈಲಿಗೆ ‘ನೆಕ್ಸ್ಟ್ ಸ್ಟೈಲ್’ (ಮುಂದಿನ ಪುಟದ ಶೈಲಿ) ಎಂದು ‘ಡಿಫಾಲ್ಟ್ ಪೇಜ್ ಸ್ಟೈಲ್’ ಕೊಟ್ಟಿರುತ್ತದೆ. ಮೊದಲ ಪುಟ ಮಾತ್ರ ಬದಲಾಗಿ, ಎರಡನೆಯದರಿಂದ ಮತ್ತೆ ಹಳೆಯದೇ ಬಂದದ್ದು ಅದಕ್ಕೇ.

ಆಫ್‌ಸೆಟ್ ವಿಷಯವನ್ನು ಟೈಪುಗಾರ್ತಿ ಹೇಳಲಿ, ಹಿಂದೆ ಇಲ್ಲೇ ಚೆನ್ನಾಗಿ ವಿವರಿಸಿದ್ದರು.

ಟೈಪುಗಾರ್ತಿ:

ಆಫ್‌ಸೆಟ್ ಪುಟಸಂಖ್ಯೆಯನ್ನು ಬದಲಿಸುವುದಿಲ್ಲ. ‘ಇಲ್ಲಿಂದ ಇಷ್ಟು ಪುಟ ಮುಂದಿರುವ ಪುಟದ ಸಂಖ್ಯೆ ತೋರಿಸು’ ಎಂಬುದು ಅದರ ಅರ್ಥ. ‘ಮುಂದುವರಿಕೆ ಪುಟ 7ರಲ್ಲಿ’ ಎಂಬಂಥ ಸೂಚನೆಗಾಗಿ ಇರುವ ಸೌಲಭ್ಯ. ಆಫ್‌ಸೆಟ್ 8 ಕೊಟ್ಟರೆ ಕೊನೆಯ ಎಂಟು ಪುಟಗಳಿಗೆ ಮುಂದೆ ಎಂಟನೇ ಪುಟವೇ ಇಲ್ಲ, ಆದ್ದರಿಂದ ಫೀಲ್ಡ್ ಖಾಲಿ. ಅದನ್ನು 0 ಮಾಡಿಬಿಡಿ. ಸಂಖ್ಯೆ ಬದಲಿಸುವ ಜಾಗ ಬ್ರೇಕ್ (ಹೊಸ ಪುಟ ಶುರುಮಾಡಿಸುವ ಗುರುತು) ಸಂವಾದಪೆಟ್ಟಿಗೆಯಲ್ಲಿದೆ.

ಫೀಲ್ಡ್‌ನ ಫಾರ್ಮ್ಯಾಟ್ ‘ಆ್ಯಸ್ ಪೇಜ್ ಸ್ಟೈಲ್’ ಎಂದೇ ಇರಲಿ. ಅಲ್ಲಿ 1, 2, 3 ಎಂದು ಆರಿಸಿಟ್ಟರೆ ಪೇಜ್ ಸ್ಟೈಲ್‌ನಲ್ಲಿ ರೋಮನ್ ಕೊಟ್ಟರೂ ಮುನ್ನುಡಿಯಲ್ಲಿ ರೋಮನ್ ಬರುವುದಿಲ್ಲ.

ಕರಡುತಿದ್ದು:

ಅಡ್ಡಪುಟದ ಕ್ರಮ ಹೇಳುತ್ತೇನೆ. ಹೆಚ್ಚಿನವರು ಎಡವುವುದು ಮಾಡುವ ಅನುಕ್ರಮದಲ್ಲಿ.

ಮೊದಲು ಕೋಷ್ಟಕ ಮುಗಿದ ನಂತರದ ಪ್ಯಾರಾಕ್ಕೆ ಹೋಗಿ. ಕರ್ಸರ್ ಆ ಪ್ಯಾರಾದ ಮೊದಲ ಅಕ್ಷರಕ್ಕೂ ಮೊದಲು ಇರಲಿ. ಇನ್ಸರ್ಟ್ > ಮೋರ್ ಬ್ರೇಕ್ಸ್ > ಮ್ಯಾನ್ಯುಯಲ್ ಬ್ರೇಕ್. ಪೇಜ್ ಬ್ರೇಕ್ ಆರಿಸಿ, ಕೆಳಗಿನ ಪಟ್ಟಿಯಲ್ಲಿ ಪುಸ್ತಕದ ಮಾಮೂಲಿ ಪೇಜ್ ಸ್ಟೈಲ್ ಕೊಡಿ. ‘ಚೇಂಜ್ ಪೇಜ್ ನಂಬರ್’ ಮುಟ್ಟಬೇಡಿ. ಆಮೇಲೆ ಕೋಷ್ಟಕದ ಹಿಂದಿನ ಪ್ಯಾರಾದ ಕೊನೆಗೆ ಬಂದು ಅದೇ ಸಂವಾದಪೆಟ್ಟಿಗೆ ತೆರೆದು ಅಡ್ಡಪುಟದ ಶೈಲಿ ಕೊಡಿ.

ಕೋಷ್ಟಕದ ಹಿಂದಿನ ಬ್ರೇಕನ್ನು ಮೊದಲೇ ಹಾಕಿದರೆ ಅಲ್ಲಿಂದ ಪುಸ್ತಕದ ಕೊನೆಯವರೆಗೂ ಅಡ್ಡವಾಗುತ್ತದೆ. ಎರಡನೇ ಬ್ರೇಕ್ ಬಿದ್ದಮೇಲೆ ಅದು ಸರಿಹೋಗುತ್ತದೆ, ಆದರೆ ನಡುವಿನಲ್ಲಿ ಪುಟಗಳು ಅಡ್ಡಾದಿಡ್ಡಿ ಓಡಾಡಿ ಚಿತ್ರಗಳ ಜಾಗ ತಪ್ಪಿದಂತೆ ಕಂಡು ಗಾಬರಿಯಾಗುತ್ತದೆ. ಬಾಲದಿಂದ ತಲೆಗೆ ಬಂದರೆ ಆ ಗಾಬರಿಯಿಲ್ಲ.

ಅಡ್ಡ ಶೈಲಿಗೆ ‘ನೆಕ್ಸ್ಟ್ ಸ್ಟೈಲ್’ ಎಂದು ಅದನ್ನೇ ಕೊಡಿ. ಕೋಷ್ಟಕ ಬೆಳೆದು ಎರಡನೇ ಪುಟಕ್ಕೆ ಹೋದರೂ ಆ ಪುಟ ಅಡ್ಡವಾಗಿಯೇ ಇರುತ್ತದೆ. ಮಾಮೂಲಿ ಶೈಲಿಯನ್ನು ನೆಕ್ಸ್ಟ್ ಎಂದು ಕೊಟ್ಟರೆ ಒಂದೇ ಒಂದು ಅಡ್ಡಪುಟ ಸಿಗುತ್ತದೆ, ಉಳಿದ ಸಾಲುಗಳು ಉದ್ದಪುಟಕ್ಕೆ ಬಿದ್ದು ಕೊನೆಯ ಕಂಬಸಾಲುಗಳು ಅಂಚಿನಾಚೆ ಹೋಗುತ್ತವೆ.

ಇನ್ನೊಂದು ಮುಖ್ಯ ಮಾತು. ಪಟ್ಟಿಯಲ್ಲಿ ತಯಾರಾಗಿಯೇ ಇರುವ ‘ಲ್ಯಾಂಡ್‌ಸ್ಕೇಪ್’ ಶೈಲಿಯನ್ನು ಹಾಗೇ ಹಾಕಬೇಡಿ. ಅದರ ಅಳತೆ ಅದರದ್ದೇ, ನಿಮ್ಮ ಡೆಮಿ ಅಳತೆಯಲ್ಲ. ಪ್ಯಾರಾ ಶೈಲಿಗಳಲ್ಲಿರುವಂತೆ ತಾಯಿ ಶೈಲಿಯಿಂದ ಗುಣ ಇಳಿದುಬರುವ ಏರ್ಪಾಡು ಪೇಜ್ ಸ್ಟೈಲ್‌ಗಳಲ್ಲಿಲ್ಲ. ಡಿಫಾಲ್ಟ್‌ನಲ್ಲಿ ಅಳತೆ ಬದಲಿಸಿದ್ದು ಫಸ್ಟ್ ಪೇಜ್‌ಗೂ ಲ್ಯಾಂಡ್‌ಸ್ಕೇಪ್‌ಗೂ ಗೊತ್ತಾಗುವುದಿಲ್ಲ. ಡೆಮಿ ಪುಸ್ತಕದ ನಡುವೆ ಒಂದು ಎ4 ಪುಟ ಹೊಕ್ಕುವುದು ಹೀಗೆ.

ಬಿಳಿಹಾಳೆ:

ಅಡ್ಡಪುಟ ಸರಿಯಾಯಿತು. ಬಾಲದಿಂದ ಹೋದದ್ದರಿಂದ ಬೇರೆ ಏನೂ ಕದಲಲಿಲ್ಲ. ಈಗ ಇಡೀ ಪುಸ್ತಕಕ್ಕೆ ಎಷ್ಟು ಪೇಜ್ ಸ್ಟೈಲ್ ಬೇಕಾಗಬಹುದು? ಪ್ರತಿಯೊಂದಕ್ಕೂ ಅಳತೆ, ಅಂಚು ಎಲ್ಲ ಬೇರೆಬೇರೆಯಾಗಿ ಕೊಡಲೇಬೇಕೇ?

ಅಚ್ಚುಮೊಳೆ:

ನಿಮ್ಮ ಪುಸ್ತಕಕ್ಕೆ ಐದು ಸಾಕು. ಇಂಗ್ಲಿಷ್ ಹೆಸರಿನ ಹಳೆಯವನ್ನು ಬಿಟ್ಟು ಕನ್ನಡದಲ್ಲೇ ಹೊಸದಾಗಿ ಹೆಸರಿಡಿ. ಯಾವುದು ನಿಮ್ಮದು, ಯಾವುದು ತಂತ್ರಾಂಶದ್ದು ಎಂಬ ಗೊಂದಲ ಇರುವುದಿಲ್ಲ.

ಮೊದಲು ‘ಅಧ್ಯಾಯ’ ಎಂಬ ಒಂದನ್ನು ಪೂರ್ತಿ ಸರಿಮಾಡಿಕೊಳ್ಳಿ. ಎಫ್11 ಒತ್ತಿದರೆ ಸ್ಟೈಲ್ ಪಟ್ಟಿ ಬರುತ್ತದೆ, ಮೇಲಿನ ಚಿಹ್ನೆಗಳಲ್ಲಿ ನಾಲ್ಕನೆಯದು ಪೇಜ್ ಸ್ಟೈಲ್. ಹೊಸ ಶೈಲಿ ಮಾಡಿ ಪೇಜ್ ಟ್ಯಾಬ್‌ನಲ್ಲಿ ಅಗಲ 13.97 ಸೆಂ.ಮೀ., ಎತ್ತರ 21.59 ಸೆಂ.ಮೀ. ಕೊಡಿ, ಅದು 5.5 × 8.5 ಇಂಚು. ಕಾಗದ ಕತ್ತರಿಸಿದ ಮೇಲೆ ಉಳಿಯುವ ಅಳತೆ ಮುದ್ರಣಾಲಯದಿಂದ ಮುದ್ರಣಾಲಯಕ್ಕೆ ಕೊಂಚ ಬೇರೆಯಾಗುವುದರಿಂದ ಅವರನ್ನು ಕೇಳಿಯೇ ಅಂತಿಮ ಮಾಡಿ. ‘ಪೇಜ್ ಲೇಔಟ್’ ಎಂಬಲ್ಲಿ ‘ಮಿರರ್ಡ್’ ಆರಿಸಿ. ಆರಿಸಿದ ಕೂಡಲೇ ಎಡ-ಬಲ ಅಂಚುಗಳ ಹೆಸರು ಒಳ-ಹೊರ ಎಂದು ಬದಲಾಗುತ್ತದೆ. ಅಂಟು ಬೈಂಡಿಂಗ್‌ಗೆ ಒಳಗೆ 2 ಸೆಂ.ಮೀ., ಹೊರಗೆ 1.5 ಸೆಂ.ಮೀ. ಇದ್ದರೆ ಓದಲು ಪುಸ್ತಕವನ್ನು ಬಗೆದು ಹಿಡಿಯಬೇಕಿಲ್ಲ. 7.2ರ ನಂತರದ ಆವೃತ್ತಿಗಳಲ್ಲಿ ‘ಗಟರ್’ ಎಂಬ ಪ್ರತ್ಯೇಕ ಜಾಗವೂ ಇದೆ. ಬೈಂಡಿಂಗ್‌ಗೆ ಬಿಡುವ ಜಾಗವನ್ನು ಒಳ ಅಂಚಿಗೆ ಸೇರಿಸಿ, ಇಲ್ಲವೇ ಗಟರ್‌ನಲ್ಲಿ ಕೊಡಿ. ಎರಡರಲ್ಲೂ ಕೊಟ್ಟರೆ ಕೂಡಿಕೊಂಡು ಪಠ್ಯ ಹೊರಕ್ಕೆ ಜರುಗುತ್ತದೆ.

ಈ ಶೈಲಿ ಇರುವ ಪುಟದಲ್ಲಿ ಕರ್ಸರ್ ಇಟ್ಟು, ಸ್ಟೈಲ್ ಪಟ್ಟಿಯಲ್ಲಿ ‘ನ್ಯೂ ಸ್ಟೈಲ್ ಫ್ರಮ್ ಸೆಲೆಕ್ಷನ್’ ಒತ್ತಿ ಹೊಸ ಹೆಸರು ಕೊಡಿ. ಅಳತೆ, ಅಂಚುಗಳು ಹೊಸದಕ್ಕೆ ನಕಲಾಗುತ್ತವೆ. ಮೂರು ಸಲ ಹೀಗೆ ಮಾಡಿ, ವ್ಯತ್ಯಾಸ ಬೇಕಾದದ್ದನ್ನು ಮಾತ್ರ ತಿದ್ದಿ. ನಕಲಾದ ಮೇಲೆ ಅವುಗಳ ನಡುವೆ ಸಂಬಂಧವಿರುವುದಿಲ್ಲ. ನಾಳೆ ಒಳ ಅಂಚು 2.2 ಮಾಡಬೇಕೆಂದರೆ ಐದರಲ್ಲೂ ಮಾಡಬೇಕು. ಅದಕ್ಕೇ ಮುದ್ರಣಾಲಯದ ಮಾತು ಮೊದಲೇ ಕೇಳಿ ಎಂದದ್ದು.

‘ಬರಿದು’: ಶೀರ್ಷಿಕೆ, ಹಕ್ಕು, ಅರ್ಪಣೆಗೆ. ಹೆಡರ್ (ಪುಟದ ತಲೆಯ ಸಾಲು), ಫುಟರ್ (ಅಡಿಯ ಸಾಲು) ಎರಡೂ ಇಲ್ಲ.

‘ಪೂರ್ವಪುಟ’: ಮುನ್ನುಡಿ, ಅರಿಕೆ, ಪರಿವಿಡಿಗೆ. ಪೇಜ್ ಟ್ಯಾಬ್‌ನಲ್ಲಿ ಪುಟಸಂಖ್ಯೆ ರೋಮನ್. ಫುಟರ್ ಮಾತ್ರ.

‘ಅಧ್ಯಾಯದ ಮೊದಲು’: ಪೇಜ್ ಲೇಔಟ್ ‘ಓನ್ಲಿ ರೈಟ್’. ಹೆಡರ್ ಇಲ್ಲ, ಫುಟರ್‌ನಲ್ಲಿ ಸಂಖ್ಯೆ. ನೆಕ್ಸ್ಟ್ ಸ್ಟೈಲ್ ‘ಅಧ್ಯಾಯ’.

‘ಅಧ್ಯಾಯ’: ಈಗಾಗಲೇ ಮಾಡಿದ್ದು. ನೆಕ್ಸ್ಟ್ ಅದೇ. ಹೆಡರ್ ಟ್ಯಾಬ್‌ನಲ್ಲಿ ‘ಸೇಮ್ ಕಂಟೆಂಟ್ ಆನ್ ಲೆಫ್ಟ್ ಆ್ಯಂಡ್ ರೈಟ್ ಪೇಜಸ್’ ಟಿಕ್ ತೆಗೆಯಿರಿ. ಎಡಪುಟದ ತಲೆಯಲ್ಲಿ ಪುಸ್ತಕದ ಹೆಸರು, ಬಲಪುಟದ ತಲೆಯಲ್ಲಿ ಅಧ್ಯಾಯದ ಹೆಸರು ಇಡಬಹುದು. ‘ಲೆಫ್ಟ್ ಪೇಜ್’, ‘ರೈಟ್ ಪೇಜ್’ ಎಂಬ ಸಿದ್ಧ ಶೈಲಿಗಳ ಜೋಡಿ ಇದಕ್ಕೆ ಬೇಡವೇ ಬೇಡ.

‘ಅಡ್ಡ’: ಈಗಾಗಲೇ ಆಗಿದೆ.

ಒಂದೊಂದು ಪೇಜ್ ಸ್ಟೈಲಿಗೂ ಹೆಡರ್ ಫುಟರ್ ಬೇರೆಬೇರೆ. ಒಂದರಲ್ಲಿ ಪುಟಸಂಖ್ಯೆ ಹಾಕಿದರೆ ಇನ್ನೊಂದರಲ್ಲಿ ತಾನಾಗಿ ಬರುವುದಿಲ್ಲ. ‘ಅಧ್ಯಾಯದ ಮೊದಲ ಪುಟಗಳಲ್ಲಿ ಮಾತ್ರ ಸಂಖ್ಯೆ ಕಾಣುತ್ತಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಇದೇ.

ಹೊಂಗೆನೆರಳು:

‘ಅಧ್ಯಾಯದ ಮೊದಲು’ ಶೈಲಿಯಲ್ಲಿ ಹೆಡರ್ ತೆಗೆದಾಗ ಪಠ್ಯ ಮೇಲಕ್ಕೆ ಜಿಗಿಯುತ್ತದೆ, ಗಮನಿಸಿ. ವರ್ಡ್‌ನಲ್ಲಿ ಹೆಡರ್ ಮೇಲಂಚಿನ ಒಳಗೇ ಕೂರುತ್ತದೆ. ರೈಟರ್‌ನಲ್ಲಿ ಮೇಲಂಚು ಮುಗಿದ ಮೇಲೆ ಹೆಡರ್, ಅದರ ಕೆಳಗೆ ಸ್ಪೇಸಿಂಗ್, ಆಮೇಲೆ ಪಠ್ಯ. ಮೇಲಂಚು 1.8, ಹೆಡರ್ ಎತ್ತರ 0.5, ಸ್ಪೇಸಿಂಗ್ 0.5 ಇದ್ದರೆ ಪಠ್ಯ ಶುರುವಾಗುವುದು 2.8 ಸೆಂ.ಮೀ.ಗೆ. ಹೆಡರ್ ಇಲ್ಲದ ಪುಟದಲ್ಲಿ 1.8ಕ್ಕೇ. ಆ ಶೈಲಿಯ ಮೇಲಂಚನ್ನು 2.8 ಮಾಡಿದರೆ ಎರಡೂ ಸಮ. ಅಧ್ಯಾಯದ ಹೆಸರು ಪುಟದ ಮೂರನೇ ಒಂದು ಭಾಗ ಕೆಳಗೆ ಬರಬೇಕೆಂದರೆ ಎಂಟರ್ ಒತ್ತಿ ಖಾಲಿ ಸಾಲು ತುಂಬಬೇಡಿ. ಅಧ್ಯಾಯದ ಹೆಸರಿಗೆ ಕೊಡುವ ಹೆಡಿಂಗ್ 1 ಎಂಬ ಪ್ಯಾರಾ ಶೈಲಿಯಲ್ಲಿ ‘ಅಬವ್ ಪ್ಯಾರಾಗ್ರಾಫ್’ 4 ಸೆಂ.ಮೀ. ಕೊಡಿ, ಪುಟದ ತಲೆಯಲ್ಲಿದ್ದರೂ ಆ ಜಾಗ ಉಳಿಯುತ್ತದೆ.

ಹೆಡರ್‌ನ ‘ಆಟೋಫಿಟ್ ಹೈಟ್’ ಟಿಕ್ ಇದ್ದರೆ ಉದ್ದದ ಅಧ್ಯಾಯದ ಹೆಸರು ಎರಡು ಸಾಲಾದ ಕಡೆ ಹೆಡರ್ ಬೆಳೆದು ಪಠ್ಯವನ್ನು ತಳ್ಳುತ್ತದೆ. ಎದುರುಬದುರು ಪುಟಗಳ ಮೊದಲ ಸಾಲು ಮೇಲೆಕೆಳಗಾಗುವುದು ಆಗ. ಟಿಕ್ ತೆಗೆದು ಎತ್ತರ ಕಟ್ಟಿಹಾಕಬಹುದು, ಆದರೆ 0.5 ಸೆಂ.ಮೀ. ಕನ್ನಡಕ್ಕೆ ಸಾಲದು. ‘ರಾಷ್ಟ್ರ’ ಎಂದು ಹೆಡರ್‌ನಲ್ಲಿ ಬರೆದು ನೋಡಿ, ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. 10 ಪಾಯಿಂಟ್ ಅಕ್ಷರಕ್ಕೆ 0.8 ಸೆಂ.ಮೀ. ಕೊಡಿ.

ಟೈಪುಗಾರ್ತಿ:

ಅಧ್ಯಾಯಗಳಿಗೆ ಕೈಯಿಂದ ಬ್ರೇಕ್ ಹಾಕುತ್ತಾ ಕೂರಬೇಡಿ. ಹೆಡಿಂಗ್ 1ರ ಮೇಲೆ ಬಲಕ್ಲಿಕ್, ಎಡಿಟ್ ಸ್ಟೈಲ್, ಟೆಕ್ಸ್ಟ್ ಫ್ಲೋ ಟ್ಯಾಬ್. ‘ಬ್ರೇಕ್ಸ್’ ಅಡಿಯಲ್ಲಿ ಇನ್ಸರ್ಟ್ ಟಿಕ್ ಮಾಡಿ, ಟೈಪ್ ಪೇಜ್, ಪೊಸಿಷನ್ ಬಿಫೋರ್, ‘ವಿತ್ ಪೇಜ್ ಸ್ಟೈಲ್’ ಟಿಕ್ ಮಾಡಿ ‘ಅಧ್ಯಾಯದ ಮೊದಲು’ ಆರಿಸಿ. ಇನ್ನು ಮುಂದೆ ಯಾವ ಪ್ಯಾರಾಗೆ ಹೆಡಿಂಗ್ 1 ಕೊಟ್ಟರೂ ಅದು ಹೊಸ ಬಲಪುಟಕ್ಕೆ ಹೋಗುತ್ತದೆ. ಅಲ್ಲಿಂದ ಎರಡನೇ ಪುಟ ತಾನಾಗಿ ‘ಅಧ್ಯಾಯ’ ಆಗುತ್ತದೆ. 20 ಅಧ್ಯಾಯವಿದ್ದರೂ ನೀವು ಮುಟ್ಟುವುದು ಒಂದೇ ಜಾಗ.

ಅದೇ ಟ್ಯಾಬ್‌ನಲ್ಲಿರುವ ಪುಟಸಂಖ್ಯೆಯ ಟಿಕ್ ಹಾಕಬೇಡಿ. ಶೈಲಿಯಲ್ಲೇ 1 ಎಂದು ಕೊಟ್ಟರೆ ಪ್ರತಿ ಅಧ್ಯಾಯವೂ 1ರಿಂದ ಶುರು. ಮೊದಲ ಅಧ್ಯಾಯದ ಹೆಡಿಂಗಿನಲ್ಲಿ ಮಾತ್ರ ಕರ್ಸರ್ ಇಟ್ಟು ಫಾರ್ಮ್ಯಾಟ್ > ಪ್ಯಾರಾಗ್ರಾಫ್ > ಟೆಕ್ಸ್ಟ್ ಫ್ಲೋನಲ್ಲಿ ಪೇಜ್ ನಂಬರ್ 1 ಕೊಡಿ.

ಎಚ್ಚರ ಬೇಕಾದ ಎರಡು ಕಡೆ ಇವೆ. ಮುನ್ನುಡಿ, ಅರಿಕೆಗಳಿಗೆ ಹೆಡಿಂಗ್ 1 ಕೊಟ್ಟರೆ ಅವೂ ‘ಅಧ್ಯಾಯದ ಮೊದಲು’ ಶೈಲಿಗೆ ಹಾರಿ ರೋಮನ್ ಸಂಖ್ಯೆ ಕಳೆದುಕೊಳ್ಳುತ್ತವೆ. ಅವಕ್ಕೆ ‘ಪೂರ್ವ ಶೀರ್ಷಿಕೆ’ ಎಂಬ ಬೇರೆ ಪ್ಯಾರಾ ಶೈಲಿ ಮಾಡಿ, ಬ್ರೇಕ್‌ನಲ್ಲಿ ‘ಪೂರ್ವಪುಟ’ ಕೊಡಿ. ಪರಿವಿಡಿಯಲ್ಲಿ ಬರಬೇಕಿದ್ದರೆ ಅದರ ಔಟ್‌ಲೈನ್ ಲೆವೆಲ್ 1 ಮಾಡಿದರೆ ಸಾಕು. ಎರಡನೆಯದು, ಹಳೆಯ ಕಂಟ್ರೋಲ್ ಎಂಟರ್‌ಗಳು. ಅಧ್ಯಾಯದ ಹೆಸರಿನ ಮುಂದೆ ಮೊದಲೇ ಕಂಟ್ರೋಲ್ ಎಂಟರ್ ಹೊಡೆದಿದ್ದರೆ ಪ್ಯಾರಾದ ಮೇಲೆ ನೇರವಾಗಿ ಕೂತ ಆ ಬ್ರೇಕ್ ಶೈಲಿಯ ಮಾತನ್ನು ಮೀರುತ್ತದೆ. ಅದರಲ್ಲಿ ಪೇಜ್ ಸ್ಟೈಲ್ ಇಲ್ಲದ ಕಾರಣ ಅಧ್ಯಾಯ ಎಡಪುಟದಲ್ಲೂ ಶುರುವಾಗಬಹುದು. ಒಂದು ಅಧ್ಯಾಯ ಮಾತ್ರ ಮಾತು ಕೇಳುತ್ತಿಲ್ಲವೆಂದರೆ ಮೊದಲು ಆ ಪ್ಯಾರಾದ ಟೆಕ್ಸ್ಟ್ ಫ್ಲೋ ತೆರೆದು ನೋಡಿ.

ಹೆಡಿಂಗ್ 1 ಕೊಟ್ಟಿರುವ ಖಾಲಿ ಪ್ಯಾರಾ ಎಲ್ಲಾದರೂ ಉಳಿದಿದ್ದರೆ ಅದೂ ಒಂದು ಪುಟವನ್ನು ನುಂಗುತ್ತದೆ. ಕಂಟ್ರೋಲ್ ಎಫ್10 ಒತ್ತಿ ಪ್ಯಾರಾ ಗುರುತುಗಳನ್ನು ಕಾಣುವಂತೆ ಇಟ್ಟುಕೊಂಡೇ ಕೆಲಸ ಮಾಡಿ.

ಬಿಳಿಹಾಳೆ:

ಎಲ್ಲ ಹೀಗೇ ಮಾಡಿದೆ, ಅಧ್ಯಾಯಗಳು ಬಲಪುಟಕ್ಕೆ ಬಂದವು. ಈಗ ಹೊಸ ಪ್ರಶ್ನೆ. ಪರಿವಿಡಿ ಮುಗಿಯುವುದು xiರಲ್ಲಿ. ಮುಂದಿನ ಪುಟ 1. ಪರದೆಯಲ್ಲಿ ಎರಡೂ ಒಂದರ ಕೆಳಗೊಂದು ಕಾಣುತ್ತವೆ, ಆದರೆ ಕೆಳಗಿನ ಸ್ಥಿತಿಪಟ್ಟಿಯಲ್ಲಿ ಪುಟದ ಲೆಕ್ಕ 11ರಿಂದ 13ಕ್ಕೆ ಹಾರುತ್ತದೆ. 12 ಎಲ್ಲಿ ಹೋಯಿತು? ಪಿಡಿಎಫ್‌ನಲ್ಲೂ ಇಲ್ಲ.

ಅಚ್ಚುಮೊಳೆ:

ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಅಚ್ಚಿಗೆ ಹೋದ ಮೇಲೆ ಗೊತ್ತಾಗುವ ತಪ್ಪು ಇದೇ.

ರೈಟರ್‌ಗೆ ಬೆಸಸಂಖ್ಯೆ ಎಂದರೆ ಬಲಪುಟ, ಸಮಸಂಖ್ಯೆ ಎಂದರೆ ಎಡಪುಟ. ಇದಕ್ಕೆ ವಿನಾಯಿತಿಯಿಲ್ಲ. xi ಬಲಪುಟ. 1 ಕೂಡ ಬಲಪುಟ. ಎರಡು ಬಲಪುಟಗಳು ಒಂದರ ಹಿಂದೆ ಒಂದು ಬರಲಾರವು, xiರ ಬೆನ್ನಿಗೆ ಏನಾದರೂ ಇರಲೇಬೇಕಲ್ಲ. ಹಾಗಾಗಿ ರೈಟರ್ ನಡುವೆ ತಾನೇ ಒಂದು ಖಾಲಿ ಪುಟ ಸೇರಿಸುತ್ತದೆ. ಅದಕ್ಕೆ ಹೆಡರಿಲ್ಲ, ಸಂಖ್ಯೆಯಿಲ್ಲ, ಅದರೊಳಗೆ ಕರ್ಸರೂ ಹೋಗುವುದಿಲ್ಲ. ಒಂಟಿ ಕಾಲಮ್ಮಿನ ನೋಟದಲ್ಲಿ ಕಾಣುವುದಿಲ್ಲ. ಕೆಳಗೆ ಬಲಮೂಲೆಯಲ್ಲಿ ತೆರೆದ ಪುಸ್ತಕದ ಚಿಹ್ನೆ ಇದೆ, ಅದನ್ನು ಒತ್ತಿದರೆ ಕಾಣುತ್ತದೆ. ಅಧ್ಯಾಯಗಳ ನಡುವೆಯೂ, ಹಿಂದಿನದು ಬಲಪುಟದಲ್ಲಿ ಮುಗಿದ ಕಡೆಯೆಲ್ಲ, ಇಂಥ ಪುಟ ಇರುತ್ತದೆ.

ಪಿಡಿಎಫ್ ಮಾಡುವಾಗ ಜನರಲ್ ಟ್ಯಾಬ್‌ನಲ್ಲಿ ‘ಎಕ್ಸ್‌ಪೋರ್ಟ್ ಆಟೊಮ್ಯಾಟಿಕಲಿ ಇನ್ಸರ್ಟೆಡ್ ಬ್ಲ್ಯಾಂಕ್ ಪೇಜಸ್’ ಎಂಬ ಟಿಕ್ ಇದೆ. ಅದಿಲ್ಲದಿದ್ದರೆ ಈ ಪುಟಗಳು ಪಿಡಿಎಫ್‌ನಿಂದ ಉದುರಿಹೋಗುತ್ತವೆ. ಪರಿಣಾಮ ನೋಡಿ: 12ನೇ ಪುಟ ಬಿದ್ದುಹೋದರೆ ನಿಮ್ಮ 1ನೇ ಪುಟ xiರ ಬೆನ್ನಿಗೆ, ಅಂದರೆ ಎಡಕ್ಕೆ ಅಚ್ಚಾಗುತ್ತದೆ. 2 ಸೆಂ.ಮೀ. ಇರಬೇಕಾದ ಒಳ ಅಂಚು ಹೊರಗೆ, 1.5ರ ಹೊರ ಅಂಚು ಬೈಂಡಿಂಗಿನೊಳಗೆ. ಮುಂದಿನ ಖಾಲಿ ಪುಟ ಉದುರುವವರೆಗೆ ಹೀಗೇ ತಲೆಕೆಳಗಾಗಿ ಸಾಗಿ, ಅಲ್ಲಿ ಮತ್ತೆ ಸರಿಯಾಗಿ, ಇನ್ನೊಂದು ಕಡೆ ಮತ್ತೆ ತಪ್ಪುತ್ತದೆ. ಮುದ್ರಣಾಲಯಕ್ಕೆ ಕೊಡುವ ಪಿಡಿಎಫ್‌ನಲ್ಲಿ ಆ ಟಿಕ್ ಕಡ್ಡಾಯ.

ಒಂದೇ ಮಗ್ಗುಲಿಗೆ ಮುದ್ರಿಸುವ ಪ್ರಬಂಧ, ವರದಿಗಳಾದರೆ ಇದಕ್ಕೆ ಉಲ್ಟಾ: ಟಿಕ್ ಬೇಡ. ನೇರವಾಗಿ ಪ್ರಿಂಟ್ ಕೊಡುವವರಿಗೆ ಇಂಥದ್ದೇ ಆಯ್ಕೆ ಟೂಲ್ಸ್ > ಆಪ್ಶನ್ಸ್‌ನಲ್ಲಿ ರೈಟರ್‌ನ ಪ್ರಿಂಟ್ ವಿಭಾಗದಲ್ಲಿದೆ.

ಈ ನಿಯಮವನ್ನು ನಮ್ಮ ಕೆಲಸಕ್ಕೂ ಬಳಸಿಕೊಳ್ಳಬಹುದು. ಶೀರ್ಷಿಕೆ i, ಹಕ್ಕು ii, ಅರ್ಪಣೆ iii. ಮುನ್ನುಡಿ ಬಲಪುಟದಲ್ಲಿ vರಿಂದ ಶುರುವಾಗಬೇಕೆಂದರೆ ಅದರ ಶೀರ್ಷಿಕೆಯ ಟೆಕ್ಸ್ಟ್ ಫ್ಲೋನಲ್ಲಿ ಪೇಜ್ ನಂಬರ್ 5 ಕೊಡಿ. ivನ್ನು ರೈಟರ್ ತಾನೇ ಖಾಲಿ ಬಿಡುತ್ತದೆ.

ಪಡುವಣಗಾಳಿ:

ಅಡ್ಡಪುಟದ ಬಗ್ಗೆ ಒಂದು ಸೇರಿಸುತ್ತೇನೆ. ಪುಸ್ತಕದಲ್ಲಿ ಅಡ್ಡ ಕೋಷ್ಟಕದ ತಲೆ ಯಾವಾಗಲೂ ಪುಟದ ಎಡ ಅಂಚಿನ ಕಡೆ ಇರಬೇಕು. ಓದುವವರು ಪುಸ್ತಕವನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ ನೋಡುತ್ತಾರೆ. ಹಾಗಾದಾಗ ಬಲಪುಟದಲ್ಲಿ ಕೋಷ್ಟಕದ ತಲೆ ಬೈಂಡಿಂಗ್ ಕಡೆಗೆ, ಎಡಪುಟದಲ್ಲಿ ಕೋಷ್ಟಕದ ಕಾಲು ಬೈಂಡಿಂಗ್ ಕಡೆಗೆ ಬರುತ್ತದೆ. 84 ಸಮಸಂಖ್ಯೆ, ಎಡಪುಟ. ಆದ್ದರಿಂದ ‘ಅಡ್ಡ’ ಶೈಲಿಯ ಕೆಳ ಅಂಚು 2 ಸೆಂ.ಮೀ., ಮೇಲಂಚು 1.5 ಇರಲಿ. ಮುಂದೆ ಪಠ್ಯ ಸೇರಿ ಕೋಷ್ಟಕ 85ಕ್ಕೆ ಜರುಗಿದರೆ ಇವೆರಡನ್ನು ಅದಲುಬದಲು ಮಾಡಬೇಕು. ಮಿರರ್ಡ್ ಲೇಔಟ್ ಅದಲುಬದಲು ಮಾಡುವುದು ಎಡ-ಬಲ ಅಂಚುಗಳನ್ನು ಮಾತ್ರ, ಮೇಲೆ-ಕೆಳಗಿನದನ್ನಲ್ಲ. ಆ ಪುಟದಲ್ಲಿ ಹೆಡರ್ ಫುಟರ್ ಎರಡೂ ತೆಗೆದುಬಿಡಿ, ಇಲ್ಲದಿದ್ದರೆ ಸಂಖ್ಯೆ ಪುಸ್ತಕದ ಪಕ್ಕದಂಚಿಗೆ ಬರುತ್ತದೆ. ಕಾಣದಿದ್ದರೂ ಲೆಕ್ಕ ತಪ್ಪುವುದಿಲ್ಲ.

ಎಲ್ಲ ಪುಟಗಳೂ ಒಂದೇ ದಿಕ್ಕಿನಲ್ಲಿರುವ ಪಿಡಿಎಫ್ ಬೇಕೆಂದು ಮುದ್ರಣಾಲಯದವರು ಕೇಳುವುದುಂಟು. ಆಗ ಪಿಡಿಎಫ್‌ನಲ್ಲಿ ಆ ಒಂದು ಪುಟವನ್ನು ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿ ಕೊಡಿ, ತಲೆ ಎಡಕ್ಕೆ ಬರುತ್ತದೆ.

ಬಿಳಿಹಾಳೆ:

ಹೆಡರ್‌ನಲ್ಲಿ ಒಂದು ಸಣ್ಣ ವಿಚಿತ್ರ. ‘ಪುಟ 12’ ಎಂದು ಬರೆದ ಕಡೆ 12 ದಪ್ಪಗೆ, ದೊಡ್ಡದಾಗಿ ಕಾಣುತ್ತದೆ. ಫುಟರ್‌ನಲ್ಲಿ ಒಂಟಿಯಾಗಿರುವ 12 ಬೇರೆ ಅಕ್ಷರವಿನ್ಯಾಸದಲ್ಲಿದೆ. ಎರಡೂ ಒಂದೇ ಫೀಲ್ಡ್.

ಹೊಂಗೆನೆರಳು:

ಅಂಕಿಗಳಿಗೆ ಸ್ವಂತ ಲಿಪಿಯಿಲ್ಲ, ಹಿಂದಿರುವ ಅಕ್ಷರದ ಲಿಪಿಯನ್ನೇ ಅನುಸರಿಸುತ್ತವೆ. ಕನ್ನಡ ರೈಟರ್‌ನ ಲೆಕ್ಕದಲ್ಲಿ ಸಂಕೀರ್ಣ ಲಿಪಿ, ಅದಕ್ಕೆ ಬೇರೆ ಫಾಂಟ್, ಬೇರೆ ಗಾತ್ರ. ‘ಪುಟ’ದ ನಂತರ ಬಂದ 12 ಕನ್ನಡದ ಫಾಂಟ್ ತೊಡುತ್ತದೆ, ಒಂಟಿ 12 ಪಾಶ್ಚಾತ್ಯ ಫಾಂಟ್ ತೊಡುತ್ತದೆ. ಟೂಲ್ಸ್ > ಆಪ್ಶನ್ಸ್‌ನ ಭಾಷೆಯ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಟಿಕ್ ಇರಲಿ. ಆಮೇಲೆ ‘ಹೆಡರ್’, ‘ಫುಟರ್’ ಎಂಬ ಪ್ಯಾರಾ ಶೈಲಿಗಳ ಫಾಂಟ್ ಟ್ಯಾಬ್ ತೆರೆದು ಎರಡೂ ಕಡೆ ಒಂದೇ ಫಾಂಟ್, ಒಂದೇ ಗಾತ್ರ ಕೊಡಿ. ಇದು ಪೇಜ್ ಸ್ಟೈಲಿನ ಕೆಲಸವಲ್ಲ. ಪೇಜ್ ಸ್ಟೈಲ್ ಹೆಡರಿಗೆ ಜಾಗ ಕೊಡುತ್ತದೆ ಅಷ್ಟೇ, ಒಳಗಿನ ಅಕ್ಷರ ಪ್ಯಾರಾ ಶೈಲಿಯ ಪಾಲು.

ನಡುಹಗಲು:

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ಪ್ರಕಾಶಕರು ವರ್ಡ್‌ನ ಡಾಕ್ಸ್ ಕಡತವೇ ಬೇಕೆಂದರೆ ಈ ಐದು ಶೈಲಿಗಳು ವರ್ಡ್‌ನಲ್ಲಿ ಉಳಿಯುತ್ತವೆಯೇ?

ಕರಡುತಿದ್ದು:

ಶೈಲಿಗಳಾಗಿ ಉಳಿಯುವುದಿಲ್ಲ. ವರ್ಡ್‌ನಲ್ಲಿ ಪೇಜ್ ಸ್ಟೈಲ್ ಎಂಬುದೇ ಇಲ್ಲ, ಇರುವುದು ಸೆಕ್ಷನ್. ಪೇಜ್ ಸ್ಟೈಲ್ ಇರುವ ಒಂದೊಂದು ಬ್ರೇಕೂ ಒಂದೊಂದು ಸೆಕ್ಷನ್ ಆಗುತ್ತದೆ. ಅಳತೆ, ಅಂಚು, ಸಂಖ್ಯೆ ಬಹುಮಟ್ಟಿಗೆ ಸರಿಯಾಗಿ ದಾಟುತ್ತವೆ. ಹೆಡರ್‌ಗಳನ್ನು ಒಂದೊಂದಾಗಿ ನೋಡಲೇಬೇಕು. ವರ್ಡ್‌ನಿಂದ ಮತ್ತೆ ರೈಟರ್‌ಗೆ ತಂದಾಗ ‘ಕನ್ವರ್ಟೆಡ್1’, ‘ಕನ್ವರ್ಟೆಡ್2’ ಎಂಬ ಅಪರಿಚಿತ ಹೆಸರಿನ ಪೇಜ್ ಸ್ಟೈಲ್‌ಗಳು ಪಟ್ಟಿಯಲ್ಲಿ ತುಂಬಿಕೊಳ್ಳುತ್ತವೆ. ಒಂದೇ ಅಳತೆಯ ಪುಟಕ್ಕೆ ಹತ್ತು ಶೈಲಿ ಆದಮೇಲೆ ಅಂಚು ತಿದ್ದುವುದು ಹಿಂಸೆ. ಮೂಲ ಕಡತ ಓಡಿಟಿಯಲ್ಲೇ ಇರಲಿ, ಅವರಿಗೆ ಡಾಕ್ಸ್ ಪ್ರತಿ ಕೊಡಿ, ಅವರ ತಿದ್ದುಪಡಿಗಳನ್ನು ಓಡಿಟಿಗೆ ಹಾಕಿಕೊಳ್ಳಿ.

ಮೊದಲಿನಿಂದಲೂ ಡಾಕ್ಸ್‌ಗೇ ಹೋಗುವ ಕೆಲಸವೆಂದು ಗೊತ್ತಿದ್ದರೆ ‘ಅಧ್ಯಾಯದ ಮೊದಲು’ ಎಂಬ ಪ್ರತ್ಯೇಕ ಶೈಲಿಯ ಬದಲು ‘ಅಧ್ಯಾಯ’ ಒಂದರಲ್ಲೇ ಹೆಡರ್ ಟ್ಯಾಬ್‌ನ ‘ಸೇಮ್ ಕಂಟೆಂಟ್ ಆನ್ ಫಸ್ಟ್ ಪೇಜ್’ ಟಿಕ್ ತೆಗೆಯಿರಿ. ಲಿಬ್ರೆಆಫೀಸ್ 4.0ರಿಂದ ಈ ಸೌಲಭ್ಯ ಇದೆ. ವರ್ಡ್‌ನ ‘ಡಿಫರೆಂಟ್ ಫಸ್ಟ್ ಪೇಜ್’ಗೆ ಇದು ನೇರವಾಗಿ ಹೊಂದುತ್ತದೆ.

ವರ್ಡ್‌ನಲ್ಲೇ ತಿದ್ದುವವರು ಒಂದನ್ನು ನೆನಪಿಡಬೇಕು. ಅಲ್ಲಿ ಸೆಕ್ಷನ್ನಿನ ಗುಣಗಳು ಅದರ ಕೊನೆಯಲ್ಲಿ, ಸೆಕ್ಷನ್ ಬ್ರೇಕಿನೊಳಗೆ ಇರುತ್ತವೆ. ರೈಟರ್‌ನಲ್ಲಿ ಆ ಭಾಗದ್ದೇ ಮೊದಲ ಪ್ಯಾರಾದಲ್ಲಿರುತ್ತವೆ. ಆದ್ದರಿಂದ ಬ್ರೇಕ್ ಅಳಿಸಿದಾಗ ಎರಡೂ ಎದುರುಬದುರು ನಡೆದುಕೊಳ್ಳುತ್ತವೆ. ರೈಟರ್‌ನಲ್ಲಿ ಬ್ರೇಕ್ ಅಳಿಸಿದರೆ ಮುಂದಿನ ಪುಟಗಳು ಹಿಂದಿನ ಶೈಲಿಗೆ ಬರುತ್ತವೆ. ವರ್ಡ್‌ನಲ್ಲಿ ಅಳಿಸಿದರೆ ಹಿಂದಿನ ಪುಟಗಳು ಮುಂದಿನ ಸೆಕ್ಷನ್ನಿನ ಗುಣ ತೊಡುತ್ತವೆ. ಅಡ್ಡಪುಟದ ಮುಂಚಿನ ಬ್ರೇಕ್ ಅಳಿಸಿದ ಕೂಡಲೇ ಅದರ ಹಿಂದಿನ ಅಧ್ಯಾಯವೇ ಅಡ್ಡವಾಗುವುದು ಇದೇ ಕಾರಣಕ್ಕೆ. ಹೆಡರ್ ತಿದ್ದುವ ಮೊದಲು ‘ಲಿಂಕ್ ಟು ಪ್ರೀವಿಯಸ್’ ಆಫ್ ಮಾಡಿ. ಹೆಡರಿಗೆ ಒಮ್ಮೆ, ಫುಟರಿಗೆ ಒಮ್ಮೆ, ಎಡ-ಬಲ ಬೇರೆಯಿದ್ದರೆ ಅವಕ್ಕೂ ಬೇರೆಬೇರೆಯಾಗಿ.

ಅಂದಹಾಗೆ, ಪುಟದ ಅರ್ಧದಲ್ಲಿ ಎರಡು ಕಾಲಮ್ ಬೇಕೆಂದಾಗ ವರ್ಡ್‌ನವರು ‘ಕಂಟಿನ್ಯುಯಸ್’ ಸೆಕ್ಷನ್ ಹಾಕುತ್ತಾರೆ. ರೈಟರ್‌ನಲ್ಲಿ ಅದಕ್ಕೆ ಪೇಜ್ ಸ್ಟೈಲ್ ಬೇಡ, ಇನ್ಸರ್ಟ್ > ಸೆಕ್ಷನ್‌ನಲ್ಲಿ ಕಾಲಮ್ ಕೊಟ್ಟರೆ ಮುಗಿಯಿತು.

ಬಿಳಿಹಾಳೆ:

ಪಿಡಿಎಫ್ ಮಾಡಿದೆ. ಕಳಿಸುವ ಮೊದಲು ಯಾವುದನ್ನು ನೋಡಬೇಕು? ಇದೇ ಮಾಲೆಯಲ್ಲಿ ಇನ್ನೆರಡು ಪುಸ್ತಕಗಳಿವೆ, ಅವಕ್ಕೆ ಈ ಶೈಲಿಗಳನ್ನು ಒಯ್ಯುವುದು ಹೇಗೆ?

ಅಚ್ಚುಮೊಳೆ:

ಹೊಸ ಪುಸ್ತಕದ ಕಡತ ತೆರೆದು ಸ್ಟೈಲ್ಸ್ ಮೆನುವಿನಲ್ಲಿ ‘ಲೋಡ್ ಸ್ಟೈಲ್ಸ್ ಫ್ರಮ್ ಟೆಂಪ್ಲೇಟ್’ ಒತ್ತಿ ಈ ಕಡತವನ್ನು ತೋರಿಸಿ. ‘ಪೇಜಸ್’, ‘ಟೆಕ್ಸ್ಟ್’, ‘ಓವರ್‌ರೈಟ್’ ಮೂರನ್ನೂ ಟಿಕ್ ಮಾಡಿ. ‘ಟೆಕ್ಸ್ಟ್’ ಬಿಟ್ಟರೆ ಪೇಜ್ ಸ್ಟೈಲ್‌ಗಳು ಬರುತ್ತವೆ, ಆದರೆ ಹೆಡಿಂಗ್ 1ರೊಳಗಿನ ಬ್ರೇಕ್ ಬರುವುದಿಲ್ಲ. ‘ಓವರ್‌ರೈಟ್’ ಬಿಟ್ಟರೂ ಹಾಗೆಯೇ, ಹೊಸ ಕಡತದಲ್ಲಿ ಹೆಡಿಂಗ್ 1 ಮೊದಲೇ ಇರುವುದರಿಂದ ಅದು ಬದಲಾಗುವುದಿಲ್ಲ.

ಪಿಡಿಎಫ್ ತೆರೆದು ಎರಡು ಪುಟ ಅಕ್ಕಪಕ್ಕ ಕಾಣುವ ನೋಟಕ್ಕೆ ಹೋಗಿ, ಮೊದಲ ಪುಟ ಒಂಟಿಯಾಗಿ ಬಲಕ್ಕೆ ನಿಲ್ಲುವ ಆಯ್ಕೆಯನ್ನೂ ಕೊಡಿ. ಶೀರ್ಷಿಕೆ ಪುಟ ಬಲಕ್ಕಿರಬೇಕು. xiರ ಮಗ್ಗುಲು ತಿರುವಿದರೆ ಎಡಕ್ಕೆ ಖಾಲಿ, ಬಲಕ್ಕೆ 1. ಅಲ್ಲಿಂದ ಕೊನೆಯವರೆಗೆ ಪ್ರತಿ ಅಧ್ಯಾಯದ ಮೊದಲ ಪುಟ ಬಲಕ್ಕೇ ಇದೆಯೇ, ಅಗಲದ ಅಂಚು ಎರಡು ಪುಟ ಕೂಡುವ ನಡುವೆಯೇ ಬಂದಿದೆಯೇ ನೋಡಿ. ಪಿಡಿಎಫ್‌ನ ಗುಣಲಕ್ಷಣಗಳಲ್ಲಿ ಪುಟದ ಅಳತೆ 5.5 × 8.5 ಇಂಚು ಇರಬೇಕು. 84ನೇ ಪುಟದಲ್ಲಿ ನಿಂತು ನೋಡಿದಾಗ 8.5 × 5.5 ತೋರಿಸಬೇಕು. ಅಲ್ಲಿ 11.69 × 8.27 ಕಂಡರೆ ಎ4ನ ಹಳೆಯ ‘ಲ್ಯಾಂಡ್‌ಸ್ಕೇಪ್’ ಶೈಲಿ ಇನ್ನೂ ಉಳಿದಿದೆ ಎಂದರ್ಥ.

ಬಿಳಿಹಾಳೆ:

8.5 × 5.5 ಇದೆ. ಒಟ್ಟು ಪುಟ 212, 1ನೇ ಪುಟ ಪಿಡಿಎಫ್‌ನ 13ನೇ ಪುಟವಾಗಿ ಬಲಕ್ಕೆ ಬಂದಿದೆ. ಕಳಿಸುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ.